ಗಡಿ ದಾಟಿ ಬಂದ ರೋಗಿ ಯಾರ ಲೆಕ್ಕಕ್ಕೆ? ಕಾಲಾ ಅಜಾರ್ ವಿರುದ್ಧ ಭಾರತ, ನೇಪಾಳ, ಬಾಂಗ್ಲಾದೇಶಗಳ ಜಂಟಿ ಕೆಲಸ

ಚರ್ಚೆ ಆರಂಭಿಸಿದವರು: ಸಮುದಾಯ ವೈದ್ಯೆ, ಮೈಸೂರು

ಕೆಲವು ವರ್ಷಗಳ ಹಿಂದೆ ನಾನು ಉತ್ತರ ಬಿಹಾರದ ಒಂದು ಗಡಿ ಜಿಲ್ಲೆಯಲ್ಲಿ, ಮರಳುನೊಣದ ಕಡಿತದಿಂದ ಹರಡುವ ಕಾಲಾ ಅಜಾರ್ ಎಂಬ ಜ್ವರರೋಗದ ಕಣ್ಗಾವಲು ಕೆಲಸದಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಒಬ್ಬ ಹೆಂಗಸು ಎಂಟೊಂಬತ್ತು ವರ್ಷದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಹುಡುಗನ ಕೈಕಾಲು ಕಡ್ಡಿಯಂತಾಗಿದ್ದವು, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು. ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಗುಲ್ಮ (ಸ್ಪ್ಲೀನ್) ಹೊಕ್ಕುಳಿನವರೆಗೂ ಗಟ್ಟಿಯಾಗಿ ತಾಗುತ್ತಿತ್ತು. ನಮ್ಮ ಕಡೆಯ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದುದು ಇದನ್ನೇ. ಒಂದೂವರೆ ತಿಂಗಳಿಂದ ಜ್ವರ ಬಿಟ್ಟಿರಲಿಲ್ಲ. ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಾ ಪಟ್ಟಿಯ ಮೇಲೆ ಹಾಕಿ ಹತ್ತು ನಿಮಿಷ ಕಾದಾಗ ಎರಡು ಕೆಂಪು ಗೆರೆಗಳು ಮೂಡಿದವು.

ಚಿಕಿತ್ಸೆ ಸಿಕ್ಕಿತು, ಹುಡುಗ ಬದುಕಿಕೊಂಡ. ತೊಡಕಾದದ್ದು ನೋಂದಣಿ ಪುಸ್ತಕದಲ್ಲಿ. ಹೊರದೇಶದವಳೆಂದು ಗೊತ್ತಾದರೆ ಔಷಧ ಕೊಡುವುದಿಲ್ಲವೆಂದು ಯಾರೋ ಹೆದರಿಸಿದ್ದರಿಂದ ಆಕೆ ಗಡಿಯ ಈಚೆ ಇದ್ದ ತವರಿನ ವಿಳಾಸ ಬರೆಸಿದ್ದಳು. ಗಂಡನ ಮನೆ ನೇಪಾಳದಲ್ಲಿ, ಕಾಲ್ನಡಿಗೆಯಲ್ಲಿ ಒಂದೂವರೆ ಗಂಟೆಯ ದೂರದಲ್ಲಿತ್ತು. ನಿಯಮದಂತೆ ನಮ್ಮ ಸಿಂಪಡಣೆಯ ತಂಡ ತವರುಮನೆಗೆ ಹೋಗಿ, ಗೋಡೆಗಳಿಗೆ ಆರಡಿ ಎತ್ತರದವರೆಗೆ ಕೀಟನಾಶಕ ಹೊಡೆದು, ಅಕ್ಕಪಕ್ಕದ ಮನೆಗಳಲ್ಲಿ ಜ್ವರದವರಿದ್ದಾರೆಯೇ ಎಂದು ವಿಚಾರಿಸಿಕೊಂಡು ಬಂತು. ಹುಡುಗನನ್ನು ಕಚ್ಚಿದ ಮರಳುನೊಣಗಳು ಗಡಿಯಾಚೆಯ ಕೊಟ್ಟಿಗೆಯ ಮಣ್ಣುಗೋಡೆಯ ಬಿರುಕಿನಲ್ಲಿ ಸುಖವಾಗಿದ್ದವು. ಮೂರು ತಿಂಗಳಾದ ಮೇಲೆ ಅವನ ಚಿಕ್ಕಪ್ಪನನ್ನೂ ಅದೇ ಜಗಲಿಗೆ ಹೊತ್ತು ತಂದರು. ಆ ಹಳ್ಳಿಯಲ್ಲಿ ರೋಗವಿದೆಯೆಂಬ ಸುದ್ದಿ ಆವರೆಗೆ ನೇಪಾಳದ ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ, ನಮ್ಮ ಪುಸ್ತಕದಲ್ಲಿ ತಪ್ಪು ಊರಿನ ಹೆಸರಿನಲ್ಲಿ ದಾಖಲಾಗಿತ್ತು.

ನೆರೆಯ ದೇಶಗಳು ಆರೋಗ್ಯದ ವಿಷಯದಲ್ಲಿ ಒಂದಾಗಿ ಕೆಲಸ ಮಾಡಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಆ ಪುಸ್ತಕದ ಸಾಲು ನೆನಪಾಗುತ್ತದೆ. 2005ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಅಧಿವೇಶನಕ್ಕೆಂದು ಜಿನೀವಾದಲ್ಲಿ ಸೇರಿದ್ದ ಭಾರತ, ನೇಪಾಳ ಮತ್ತು ಬಾಂಗ್ಲಾದೇಶಗಳ ಆರೋಗ್ಯ ಸಚಿವರು ಕಾಲಾ ಅಜಾರ್ ನಿರ್ಮೂಲನೆಗೆ ಒಟ್ಟಾಗಿ ಶ್ರಮಿಸುವ ಒಡಂಬಡಿಕೆಗೆ ಸಹಿ ಹಾಕಿದರು. 2014ರಲ್ಲಿ ಢಾಕಾದಲ್ಲಿ ಅದನ್ನು ನವೀಕರಿಸಿದಾಗ ಭೂತಾನ್ ಮತ್ತು ಥಾಯ್ಲೆಂಡ್ ಕೂಡ ಸೇರಿಕೊಂಡವು. ಇಲ್ಲಿ ನಿರ್ಮೂಲನೆ ಎಂದರೆ ರೋಗಾಣುವನ್ನೇ ಭೂಮಿಯಿಂದ ಅಳಿಸುವುದಲ್ಲ. ವರ್ಷಕ್ಕೆ 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ಜನ ಹೊಸದಾಗಿ ರೋಗಿಗಳಾಗುವ ಮಟ್ಟಕ್ಕೆ ಅದನ್ನು ಇಳಿಸಿ, ಅಲ್ಲಿಯೇ ಉಳಿಸಿಕೊಳ್ಳುವುದು. 2007ರಲ್ಲಿ ಭಾರತವೊಂದರಲ್ಲೇ 44,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು, 2022ರ ಹೊತ್ತಿಗೆ ಆ ಸಂಖ್ಯೆ ಸಾವಿರದ ಒಳಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶ ಈ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಪಟ್ಟಿಯಿಂದ ತೆಗೆದುಹಾಕಿದ ಜಗತ್ತಿನ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು.

ಇದು ದೊಡ್ಡ ಸಾಧನೆ ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಸಹಿಯಾದ ಕಾಗದಕ್ಕೂ ಆ ನೋಂದಣಿ ಪುಸ್ತಕದ ವಿಳಾಸದ ಸಾಲಿಗೂ ನಡುವೆ ಇರುವ ಅಂತರವನ್ನು ಮುಚ್ಚದಿದ್ದರೆ ಈ ಗಳಿಕೆ ಉಳಿಯುವುದಿಲ್ಲ ಎಂಬುದು ನನ್ನ ಆತಂಕ. ಇದರ ಬಗ್ಗೆ ಅನುಭವವಿರುವವರು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರೌಢಶಾಲಾ ಶಿಕ್ಷಕ, ಸಾಗರ

ನಿಮ್ಮ ಬರಹ ಓದುತ್ತಿದ್ದಂತೆ ನನಗೆ ನಮ್ಮ ಮಂಗನ ಕಾಯಿಲೆ ನೆನಪಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯನ್ನು ಬಹಳ ಕಾಲ ಮಲೆನಾಡಿನ ಕೆಲವು ತಾಲ್ಲೂಕುಗಳ ಪಾಡು ಎಂದೇ ತಿಳಿಯಲಾಗಿತ್ತು. ಆಮೇಲೆ ಅದು ಕೇರಳದ ವಯನಾಡಿನಲ್ಲಿ, ಗೋವಾದಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. ಕಾಯಿಲೆ ಹರಡುವ ಉಣ್ಣೆ ಹುಳಕ್ಕೆ ರಾಜ್ಯದ ಗಡಿಕಲ್ಲು ಕಾಣುವುದಿಲ್ಲ, ಗೇರುತೋಟದ ಕೆಲಸಕ್ಕೆ ಹೋಗುವ ಕೂಲಿಯವರಿಗೂ ಹೊಟ್ಟೆಪಾಡಿನ ಮುಂದೆ ಗಡಿ ಕಾಣುವುದಿಲ್ಲ. ಒಂದೇ ದೇಶದ ರಾಜ್ಯಗಳ ನಡುವೆಯೇ ಎಲ್ಲಿ ಮಂಗ ಸತ್ತಿತು, ಎಲ್ಲಿ ಜ್ವರ ಬಂತು ಎಂಬ ಸುದ್ದಿ ಸಕಾಲಕ್ಕೆ ತಲುಪಿಸಲು ನಾವು ಪಡುತ್ತಿರುವ ಕಷ್ಟವನ್ನು ಹತ್ತಿರದಿಂದ ನೋಡಿದ್ದೇನೆ.

ಆದ್ದರಿಂದ ನನ್ನ ಪ್ರಶ್ನೆ ಇದು: ನದಿ ನೀರಿನಿಂದ ಹಿಡಿದು ವ್ಯಾಪಾರದವರೆಗೆ ಹತ್ತಾರು ತಕರಾರುಗಳಿರುವ ಮೂರು ದೇಶಗಳು ಈ ಒಂದು ರೋಗದ ವಿಷಯದಲ್ಲಿ ಹೇಗೆ ಒಂದಾದವು? ಕ್ಷಯವಿದೆ, ಡೆಂಗಿ ಇದೆ, ಅವುಗಳನ್ನೆಲ್ಲ ಬಿಟ್ಟು ಕಾಲಾ ಅಜಾರ್ ಅನ್ನೇ ಆರಿಸಿಕೊಂಡದ್ದಕ್ಕೆ ಕಾರಣವೇನು?

ಸಮುದಾಯ ವೈದ್ಯೆ, ಮೈಸೂರು

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ರೋಗದ ಸ್ವಭಾವದಲ್ಲೇ ಇದೆ. ಮಂಗನ ಕಾಯಿಲೆಯ ವೈರಾಣು ಕಾಡಿನಲ್ಲಿ ಉಣ್ಣೆ ಮತ್ತು ಸಣ್ಣ ಪ್ರಾಣಿಗಳ ನಡುವೆ ಸುತ್ತುತ್ತಲೇ ಇರುತ್ತದೆ, ಮನುಷ್ಯನಿಗೆ ತಗಲುವುದು ಆಕಸ್ಮಿಕ. ನಮ್ಮ ಉಪಖಂಡದ ಕಾಲಾ ಅಜಾರ್ ಹಾಗಲ್ಲ. ಇದರ ಪರಾವಲಂಬಿ ಜೀವಿಗೆ ಇಲ್ಲಿ ಮನುಷ್ಯನ ದೇಹವೊಂದೇ ಆಸರೆ, ಒಬ್ಬರಿಂದ ಇನ್ನೊಬ್ಬರಿಗೆ ಅದನ್ನು ಒಯ್ಯುವುದು ಒಂದೇ ಒಂದು ಜಾತಿಯ ಮರಳುನೊಣ. ಸೊಳ್ಳೆಯ ಮೂರನೆಯ ಒಂದು ಭಾಗದಷ್ಟಿರುವ ಈ ಕೀಟ ದೂರ ಹಾರಲಾರದು, ಗೋಡೆಯ ಮೇಲೆ ಕುಪ್ಪಳಿಸಿದಂತೆ ಚಲಿಸುತ್ತದೆ. ರೋಗಿಗಳನ್ನು ಬೇಗ ಹುಡುಕಿ ಗುಣಪಡಿಸಿ, ಮನೆಯೊಳಗೆ ಕೀಟನಾಶಕ ಹೊಡೆದರೆ ಸರಪಳಿ ಕಡಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ರೋಗಿಗಳು ಸಾಯುವ ಕಾಯಿಲೆಯಿದು. ಕೈಗೆಟಕುವ ಉಪಾಯವಿದ್ದೂ ಸುಮ್ಮನಿರುವುದು ಅಕ್ಷಮ್ಯವಾಗುತ್ತಿತ್ತು.

ಎರಡನೆಯ ಕಾರಣ ಇತಿಹಾಸದ್ದು. ಈ ರೋಗಕ್ಕೆ ಈಗಿನ ಗಡಿಗಳಿಗಿಂತ ಹೆಚ್ಚು ವಯಸ್ಸಾಗಿದೆ. ಇಂದು ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್‌ನಲ್ಲಿ 1824ರ ಹೊತ್ತಿಗೆ ಹಬ್ಬಿದ ಜ್ವರವನ್ನು ಇದರ ಮೊದಲ ದಾಖಲೆಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಅಲ್ಲಿಂದ ಅದು ಪಶ್ಚಿಮಕ್ಕೆ ಬರ್ದ್ವಾನ್ ಕಡೆಗೂ, ನದಿಗಳ ದಂಡೆ ಹಿಡಿದು ಅಸ್ಸಾಮಿಗೂ ಸಾಗಿತು. 1903ರಲ್ಲಿ ರೋಗಾಣುವನ್ನು ಗುರುತಿಸಿ ವರದಿ ಮಾಡಿದ ಇಬ್ಬರಲ್ಲಿ ಚಾರ್ಲ್ಸ್ ಡೊನೊವನ್ ಮದರಾಸಿನಲ್ಲಿದ್ದವರು. ಇನ್ನೊಬ್ಬರಾದ ಲೀಶ್ಮನ್ ಅದನ್ನು ಕಂಡದ್ದು ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿದ್ದ ಸೈನಿಕನೊಬ್ಬನ ಗುಲ್ಮದಲ್ಲಿ. 1920ರ ದಶಕದಲ್ಲಿ ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ ಅವರ ಯೂರಿಯಾ ಸ್ಟಿಬಮೈನ್ ಲಕ್ಷಾಂತರ ಜೀವ ಉಳಿಸಿತು. ಮಲೇರಿಯಾಕ್ಕಾಗಿ 1950ರ ದಶಕದಲ್ಲಿ ಹೊಡೆದ ಡಿಡಿಟಿಯಿಂದ ಮರಳುನೊಣವೂ ಸತ್ತು ರೋಗ ಬಹುತೇಕ ಮರೆಯಾಗಿತ್ತು. ಸಿಂಪಡಣೆ ನಿಂತ ಮೇಲೆ 1970ರ ದಶಕದಲ್ಲಿ ಬಿಹಾರದಲ್ಲಿ ಮತ್ತೆ ಭುಗಿಲೆದ್ದು, ನೇಪಾಳದ ತರಾಯಿ ಬಯಲಿಗೂ ಬಾಂಗ್ಲಾದೇಶಕ್ಕೂ ಹರಡಿತು. ಒಬ್ಬರ ಹಿತ್ತಲಲ್ಲಿ ಕೆಂಡ ಉಳಿದಿದ್ದರೆ ಪಕ್ಕದ ಮನೆಯ ಬಣವೆಗೂ ಅಪಾಯ ಎಂಬುದು ಮೂರೂ ದೇಶಗಳಿಗೆ ಅನುಭವದಿಂದ ಗೊತ್ತಿತ್ತು.

ಆದರೆ ನನ್ನ ದೃಷ್ಟಿಯಲ್ಲಿ ಈ ಸಹಕಾರದ ಅತ್ಯಂತ ಫಲವತ್ತಾದ ಭಾಗ ಔಷಧದ ಕಥೆ. ಮೊದಲು ಕೊಡುತ್ತಿದ್ದುದು ಆಂಟಿಮನಿ ಚುಚ್ಚುಮದ್ದು, ಇಪ್ಪತ್ತರಿಂದ ಮೂವತ್ತು ದಿನ ದಿನಕ್ಕೊಂದರಂತೆ. ಬಿಹಾರದಲ್ಲಿ ಅದು ಸೋಲತೊಡಗಿತು, ಬಿಹಾರಕ್ಕೆ ಅಂಟಿಕೊಂಡ ನೇಪಾಳದ ಜಿಲ್ಲೆಗಳಲ್ಲಿಯೂ ಒಳನಾಡಿಗಿಂತ ಹೆಚ್ಚಾಗಿ ಸೋಲುತ್ತಿರುವುದು ಕಂಡುಬಂತು. ಔಷಧಕ್ಕೆ ಜಗ್ಗದ ರೋಗಾಣುವೂ ಗಡಿ ದಾಟಿತ್ತು. ನಂತರ 28 ದಿನ ನುಂಗುವ ಮಿಲ್ಟೆಫೋಸಿನ್ ಬಂತು. ನೇಪಾಳದ ಧರಾನ್‌ನಲ್ಲಿರುವ ಬಿ.ಪಿ. ಕೊಯಿರಾಲಾ ಆರೋಗ್ಯ ವಿಜ್ಞಾನ ಸಂಸ್ಥೆಯ ವೈದ್ಯರು ಅದನ್ನು ತೆಗೆದುಕೊಂಡವರನ್ನು ಆರು ತಿಂಗಳಿಗೆ ಬಿಡದೆ ಒಂದು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ಸುಮಾರು ಐವರಲ್ಲಿ ಒಬ್ಬರಿಗೆ ರೋಗ ಮರುಕಳಿಸಿದ್ದು ಗೊತ್ತಾಯಿತು. ಇತ್ತ ಬಿಹಾರದಲ್ಲಿ, ಲೈಪೋಸೋಮಲ್ ಆಂಫೋಟೆರಿಸಿನ್ ಔಷಧವನ್ನು ಒಂದೇ ಬಾರಿ ರಕ್ತನಾಳಕ್ಕೆ ಹರಿಸಿದರೆ ಸಾಕೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಆದರೆ ಅದು ಪರಿಣತರಿದ್ದ ಕೇಂದ್ರದಲ್ಲಿ ನಡೆದದ್ದು. ಹಳ್ಳಿಯ ಆಸ್ಪತ್ರೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬಾಂಗ್ಲಾದೇಶದ ಮೈಮನ್‌ಸಿಂಗ್ ಜಿಲ್ಲೆಯಿಂದ. ಅಲ್ಲಿನ ಮುಕ್ತಾಗಾಛಾ ಉಪಜಿಲ್ಲೆಯ ಸಾಮಾನ್ಯ ಸರ್ಕಾರಿ ಆಸ್ಪತ್ರೆಯಲ್ಲಿ 300 ರೋಗಿಗಳಿಗೆ ಕೊಟ್ಟು, ಸುರಕ್ಷಿತವೆಂದು ತೋರಿಸಿದರು. ಆ ಹುಡುಗನಿಗೆ ನಾನು ಒಂದೇ ಬೆಳಗಿನಲ್ಲಿ ಕೊಟ್ಟ ಚಿಕಿತ್ಸೆಯ ಹಿಂದೆ ಮೂರು ದೇಶಗಳ ರೋಗಿಗಳೂ ವೈದ್ಯರೂ ಇದ್ದರು.

ಪ್ರಯೋಗಾಲಯ ತಂತ್ರಜ್ಞ, ಉಡುಪಿ

ವೈದ್ಯರು ಹೇಳಿದ ಎರಡು ಕೆಂಪು ಗೆರೆಗಳ ಪಟ್ಟಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಸಹಕಾರ ಎಂಬ ದೊಡ್ಡ ಪದ ನಮ್ಮ ಮೇಜಿನ ಮೇಲೆ ಬಂದಾಗ ಇಷ್ಟು ಸಣ್ಣದಾಗಿ ಕಾಣುತ್ತದೆ. ಆರ್‌ಕೆ39 ಎಂಬ ಈ ಪಟ್ಟಿ ಬರುವ ಮೊದಲು ರೋಗ ಖಚಿತಪಡಿಸಲು ಗುಲ್ಮಕ್ಕೋ ಮೂಳೆಯ ಮಜ್ಜೆಗೋ ಸೂಜಿ ಚುಚ್ಚಿ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಗುಲ್ಮಕ್ಕೆ ಚುಚ್ಚುವುದರಲ್ಲಿ ಒಳಗೇ ರಕ್ತಸ್ರಾವವಾಗುವ ಅಪಾಯವಿದೆ, ದೊಡ್ಡ ಆಸ್ಪತ್ರೆಯಲ್ಲಲ್ಲದೆ ಆಗದ ಕೆಲಸ. ಗಡಿಯ ಒಂದು ಕಡೆ ಸೂಜಿ, ಇನ್ನೊಂದು ಕಡೆ ಬೆರಳ ಹನಿ ಎಂದಿದ್ದರೆ ಎರಡೂ ಕಡೆಯ ಅಂಕಿಗಳನ್ನು ಹೋಲಿಸಲು ಬರುವುದೇ ಇಲ್ಲ. ಎರಡು ವಾರಕ್ಕಿಂತ ಹೆಚ್ಚು ಜ್ವರ, ಊದಿದ ಗುಲ್ಮ, ಪಟ್ಟಿಯಲ್ಲಿ ಗೆರೆ ಎಂಬ ಒಂದೇ ವ್ಯಾಖ್ಯೆಯನ್ನು ಮೂರೂ ದೇಶಗಳು ಒಪ್ಪಿಕೊಂಡದ್ದರಿಂದಲೇ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಅರ್ಥವಾಗತೊಡಗಿತು.

ಇದಕ್ಕೆ ಒಂದು ಮಿತಿಯೂ ಇದೆ. ಗುಣವಾದವರಲ್ಲಿಯೂ ಈ ಪಟ್ಟಿ ಬಹಳ ಕಾಲ ಗೆರೆ ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಮರುಕಳಿಸಿದೆಯೇ ಎಂದು ತಿಳಿಯಲು ಇದು ಪ್ರಯೋಜನಕ್ಕೆ ಬಾರದು, ಹಿಂದೆ ಚಿಕಿತ್ಸೆಯಾಗಿತ್ತೇ ಎಂಬ ದಾಖಲೆ ಕೈಯಲ್ಲಿರಬೇಕು. ನೇಪಾಳದಲ್ಲಿ ಚಿಕಿತ್ಸೆ ಪಡೆದು ಬಿಹಾರಕ್ಕೆ ಬಂದವನ ಕಾಗದ ನೇಪಾಳದಲ್ಲೇ ಉಳಿದರೆ ನಮ್ಮಂಥ ತಂತ್ರಜ್ಞ ಏನೆಂದು ಬರೆಯಬೇಕು?

ಸುದ್ದಿ ಗಡಿ ದಾಟದಿದ್ದರೆ ಏನಾಗುತ್ತದೆಂಬುದಕ್ಕೆ ನಿಪಾ ವೈರಾಣು ಒಂದು ಕಠಿಣ ಪಾಠ. 2001ರ ಆರಂಭದಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಒಂದು ವಿಚಿತ್ರ ಜ್ವರ ಆಸ್ಪತ್ರೆಯ ಸಿಬ್ಬಂದಿಯನ್ನೂ ಬಲಿ ತೆಗೆದುಕೊಂಡಿತು. ಅದೇ ವರ್ಷ ಬಾಂಗ್ಲಾದೇಶದ ಮೆಹೆರ್‌ಪುರದಲ್ಲೂ ಜನ ಸತ್ತರು. ಸಿಲಿಗುರಿಯದ್ದು ನಿಪಾ ಎಂಬುದು ಹೊರಬರಲು ವರ್ಷಗಳೇ ಬೇಕಾದವು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನ ಮಾದರಿಗಳು ನಮ್ಮ ಪಕ್ಕದ ಮಣಿಪಾಲದ ಪ್ರಯೋಗಾಲಯಕ್ಕೆ ಬಂದಾಗ ವೈರಾಣುವಿನ ಗುರುತು ಬೇಗ ಸಿಕ್ಕಿತು, ಪುಣೆಯ ಸಂಸ್ಥೆ ಖಚಿತಪಡಿಸಿತು. ಬಾಂಗ್ಲಾದೇಶದಲ್ಲಿ ವರ್ಷಗಟ್ಟಲೆ ಬಾವಲಿ, ಖರ್ಜೂರದ ಹಸಿ ರಸ, ಆಸ್ಪತ್ರೆಯೊಳಗಿನ ಹರಡುವಿಕೆ ಇವುಗಳ ಬಗ್ಗೆ ಕಲಿತದ್ದು ಆ ಹೊತ್ತಿಗೆ ಎಲ್ಲರ ಓದಿಗೂ ಸಿಗುವಂತಿತ್ತು ಎಂಬುದನ್ನು ನಾವು ನೆನೆಯಬೇಕು.

ಕಟ್ಟಡ ಕಾರ್ಮಿಕರ ಸಂಘಟನೆಯಲ್ಲಿ ಕೆಲಸ, ಬೆಂಗಳೂರು

ಗಡಿಯೆಂದರೆ ಬಿಹಾರದ ರಕ್ಸೌಲ್, ನೇಪಾಳದ ಬೀರ್‌ಗಂಜ್ ಎಂದು ಮಾತ್ರ ಭಾವಿಸಬೇಡಿ, ಅದು ನಮ್ಮ ಊರಿನ ತಗಡಿನ ಶೆಡ್ಡುಗಳವರೆಗೂ ಬಂದಿದೆ. ನಮ್ಮ ಒಂದು ನಿವೇಶನದಲ್ಲಿ ಉತ್ತರ ಬಿಹಾರದ ಹುಡುಗನೊಬ್ಬ ಕಂಬಿ ಕಟ್ಟುವ ಕೆಲಸ ಮಾಡುತ್ತಿದ್ದ. ಹಬ್ಬಕ್ಕೆ ಊರಿಗೆ ಹೋಗಿ ಬಂದ ಕೆಲವು ತಿಂಗಳ ಮೇಲೆ ಜ್ವರ ಶುರುವಾಯಿತು. ಮೊದಲು ಟೈಫಾಯ್ಡ್ ಎಂದರು, ಆಮೇಲೆ ಮಲೇರಿಯಾ ಎಂದರು, ಕೊನೆಗೆ ತೂಕ ಇಳಿದದ್ದನ್ನು ನೋಡಿ ಕ್ಷಯದ ಮಾತ್ರೆ ಆರಂಭಿಸಿದರು. ಮೂರು ಕಡೆ ತೋರಿಸಿ, ಮೇಸ್ತ್ರಿಯ ಬಳಿ ಸಾಲ ಮಾಡಿ, ಎರಡು ತಿಂಗಳು ಕಳೆದ ಮೇಲೆ ಒಬ್ಬ ಕಿರಿಯ ವೈದ್ಯೆ ಅವನ ಪಕ್ಕ ಕುಳಿತು, ‘ನಿನ್ನ ಊರು ಯಾವುದು?’ ಎಂದು ಕೇಳಿದರು. ಜಿಲ್ಲೆಯ ಹೆಸರು ಹೇಳುತ್ತಿದ್ದಂತೆ ಅವರಿಗೆ ಅನುಮಾನ ಬಂತು. ಆ ಒಂದು ಪ್ರಶ್ನೆಯನ್ನು ಮೊದಲ ದಿನವೇ ಯಾರಾದರೂ ಕೇಳಿದ್ದರೆ ಎರಡು ತಿಂಗಳ ಕೂಲಿಯೂ, ಅವನ ಕಸುವೂ ಉಳಿಯುತ್ತಿದ್ದವು.

ನಾನು ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಕರ್ನಾಟಕದ ವೈದ್ಯರು ಪುಸ್ತಕದಲ್ಲಿ ಓದಿದ ಈ ರೋಗವನ್ನು ಕಣ್ಣಾರೆ ಕಾಣುವುದೇ ಅಪರೂಪ. ರೋಗ ಕಡಿಮೆಯಾದಷ್ಟೂ ಅದನ್ನು ಗುರುತಿಸುವ ಕಣ್ಣುಗಳೂ ಕಡಿಮೆಯಾಗುತ್ತವೆ, ಬಿಹಾರದಲ್ಲೂ ಮುಂದೆ ಹೀಗೆಯೇ ಆಗುತ್ತದೆ. ನಮ್ಮಲ್ಲಿ ಕಾವಲು ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಬರುವ ನೇಪಾಳದ ಕುಟುಂಬಗಳಿವೆ. ಅವರ ಕೈಯಲ್ಲಿ ಭಾರತದ ಯಾವ ಕಾರ್ಡೂ ಇರುವುದಿಲ್ಲವಾದ್ದರಿಂದ ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಲೂ ಹಿಂಜರಿಯುತ್ತಾರೆ. ದೇಶಗಳ ನಡುವಿನ ಒಪ್ಪಂದ ಕೊನೆಗೆ ಚೀಟಿ ಬರೆಯುವ ಕಿಟಕಿಗೆ ಇಳಿದು ಬರಬೇಕು. ಈ ರೋಗದ ಪರೀಕ್ಷೆ, ಚಿಕಿತ್ಸೆಗಳಿಗೆ ಯಾವ ದೇಶದ ಗುರುತಿನ ಚೀಟಿಯನ್ನೂ ಕೇಳಬಾರದೆಂಬ ಒಂದು ಸಾಲಿನ ಆದೇಶ ಅಲ್ಲಿ ಅಂಟಿಸಿದ್ದರೆ ಎಷ್ಟೋ ಜನ ಧೈರ್ಯವಾಗಿ ನಿಜವಾದ ವಿಳಾಸ ಹೇಳುತ್ತಾರೆ.

ನಿವೃತ್ತ ಸರ್ಕಾರಿ ಅಧಿಕಾರಿ, ಧಾರವಾಡ

ಎಲ್ಲರ ಕಳಕಳಿಗೂ ಗೌರವ ಸಲ್ಲಿಸುತ್ತಲೇ ಕೆಲವು ಅಪ್ರಿಯ ಸಂಗತಿಗಳನ್ನು ಮುಂದಿಡುತ್ತೇನೆ. 2005ರ ಒಡಂಬಡಿಕೆಯ ಗುರಿ 2015. ಅದು ತಪ್ಪಿತು. ಗಡುವು 2017ಕ್ಕೆ, ಮತ್ತೆ 2020ಕ್ಕೆ ಹೋಯಿತು, ಭಾರತದ ಮಟ್ಟಿಗೆ 2023ಕ್ಕೆ ಬಂದು ನಿಂತಿತು. ಕೆಲಸಕ್ಕೆ ಬೇಕಾದ ಮುಖ್ಯ ಔಷಧ ಗಿಲಿಯಡ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಕೊಡುತ್ತ ಬಂದ ದಾನ. ಕ್ಷೇತ್ರದ ಕೆಲಸಕ್ಕೆ ಬ್ರಿಟನ್ನಿನ ನೆರವೂ ಇತ್ತು. 2021ರಲ್ಲಿ ಆ ದೇಶ ತನ್ನ ವಿದೇಶಿ ನೆರವನ್ನು ಕಡಿತಗೊಳಿಸಿದಾಗ ಇಂಥ ನಿರ್ಲಕ್ಷಿತ ರೋಗಗಳ ಯೋಜನೆಗಳೂ ಕತ್ತರಿಗೆ ಸಿಕ್ಕವು. ಪರರ ದಾನದ ಮೇಲೆ ನಿಂತ ಸಹಕಾರವನ್ನು ನೆರೆಹೊರೆಯ ಸಹಕಾರ ಎನ್ನಬಹುದೇ?

ದಕ್ಷಿಣ ಏಷ್ಯಾದ ದೇಶಗಳ ಸಾರ್ಕ್ ಸಂಘಟನೆಯನ್ನೇ ನೋಡಿ. 1992ರಲ್ಲಿ ನೇಪಾಳದಲ್ಲಿ ಕ್ಷಯರೋಗ ಕೇಂದ್ರ ಸ್ಥಾಪಿಸಿದ ಸಂಘಟನೆಯದು, ಆದರೆ 2014ರ ಕಠ್ಮಂಡು ಶೃಂಗಸಭೆಯ ನಂತರ ಅದರ ನಾಯಕರು ಶೃಂಗಸಭೆಗೆ ಸೇರಿಲ್ಲ. ಕೋವಿಡ್ ಬಂದಾಗ 2020ರ ಮಾರ್ಚ್ 15ರಂದು ವಿಡಿಯೊ ಮೂಲಕ ಮಾತನಾಡಿದರು, ತುರ್ತು ನಿಧಿಯ ಪ್ರಸ್ತಾಪವಾಗಿ ಭಾರತ ಒಂದು ಕೋಟಿ ಡಾಲರ್ ಘೋಷಿಸಿತು. 2021ರ ಜನವರಿಯಲ್ಲಿ ಭೂತಾನ್, ಮಾಲ್ಡೀವ್ಸ್‌ಗಳಿಂದ ಆರಂಭಿಸಿ ನೆರೆಯವರಿಗೆ ಲಸಿಕೆ ಕಳಿಸಿದೆವು. ಅದೇ ವಸಂತದಲ್ಲಿ ನಮ್ಮಲ್ಲೇ ಎರಡನೆಯ ಅಲೆ ಎದ್ದಾಗ ರಫ್ತು ನಿಂತು, ಮೊದಲ ಡೋಸ್ ಹಾಕಿಸಿಕೊಂಡ ನೇಪಾಳ, ಬಾಂಗ್ಲಾದೇಶಗಳ ಎಷ್ಟೋ ಜನ ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಕಾದರು. ನಮ್ಮ ಜನ ಸಾಯುತ್ತಿದ್ದಾಗ ಹಾಗೆ ಮಾಡದೆ ಗತ್ಯಂತರವಿರಲಿಲ್ಲ ಎಂದು ಒಪ್ಪುತ್ತೇನೆ. ಆದರೆ ಕಷ್ಟದ ಹೊತ್ತಿನಲ್ಲಿ ಪ್ರತಿಯೊಂದು ದೇಶವೂ ತನ್ನ ಬಾಗಿಲನ್ನೇ ಮೊದಲು ಮುಚ್ಚಿಕೊಳ್ಳುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಂಥ ಒಪ್ಪಂದಗಳನ್ನು ಬರೆಯಬೇಕು.

ಕನ್ನಡತಿ ನರ್ಸ್, ಮಸ್ಕತ್

ನನ್ನ ಜೊತೆ ಕೆಲಸ ಮಾಡುವ ನೇಪಾಳದ ಸಹೋದ್ಯೋಗಿಗೆ ಈ ಚರ್ಚೆಯ ಮೊದಲ ಬರಹವನ್ನು ಹಿಂದಿಯಲ್ಲಿ ಹೇಳಿದೆ. ಅವಳು ತರಾಯಿಯವಳು. ‘ನಮ್ಮೂರಿನಲ್ಲಿ ಯಾರಿಗೇ ಜೋರು ಕಾಯಿಲೆಯಾದರೂ ಮೊದಲು ಕೇಳುವುದು ದರ್ಭಾಂಗಕ್ಕೋ ಪಟ್ನಾಕ್ಕೋ ಎಂದು, ಕಠ್ಮಂಡುವಿಗೆ ಒಂದು ರಾತ್ರಿಯ ಬೆಟ್ಟದ ದಾರಿ’ ಎಂದಳು. ಅವಳ ಅಜ್ಜಿಗೆ ಈ ರೋಗ ಬಂದಿತ್ತಂತೆ, ದಿನವೂ ಚುಚ್ಚುಮದ್ದಿಗಾಗಿ ಸಂಬಂಧಿಕರ ಮನೆಯಲ್ಲಿ ಒಂದು ತಿಂಗಳು ಉಳಿದು, ಅದಕ್ಕಾಗಿ ಎಮ್ಮೆ ಮಾರಬೇಕಾಯಿತಂತೆ. ಜನ ತಾವಾಗಿಯೇ ಗಡಿ ದಾಟಿ ಹುಡುಕಿಕೊಂಡ ದಾರಿಯ ಹಿಂದೆ ಸರ್ಕಾರಗಳು ಹೋಗಬೇಕಿದೆ ಎಂದು ಅನಿಸಿತು, ಅದಕ್ಕೆ ಬರೆದೆ.

ಸಮುದಾಯ ವೈದ್ಯೆ, ಮೈಸೂರು

ಧಾರವಾಡದ ಹಿರಿಯರ ಮಾತಿನಲ್ಲಿ ಸತ್ಯವಿದೆ. ಗಡುವು ತಪ್ಪಿದ್ದು ನಿಜ, ಔಷಧ ದಾನದ್ದೆಂಬುದೂ ನಿಜ. ಆದರೆ ಗೋಡೆಗೆ ಹೊಡೆದ ಕೀಟನಾಶಕ, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು, ಚಿಕಿತ್ಸೆಗೆ ಬಂದ ರೋಗಿಗೆ ತಪ್ಪಿದ ಕೂಲಿಯ ಬದಲು ಕೊಟ್ಟ ಹಣ, ಇವು ನಮ್ಮ ನಮ್ಮ ಸರ್ಕಾರಗಳವೇ. ಡಿಡಿಟಿಗೆ ಮರಳುನೊಣ ಬಗ್ಗದಾದಾಗ ಭಾರತ ಪೈರೆಥ್ರಾಯ್ಡ್ ಕೀಟನಾಶಕಕ್ಕೆ ಬದಲಾಯಿತು, ಹೆಗಲ ಮೇಲೆ ಹೊರುವ ಹೊಸ ಪಂಪುಗಳೂ ಬಂದವು. ಶೃಂಗಸಭೆ ನಡೆಯದ ವರ್ಷಗಳಲ್ಲೂ ಈ ಕೆಲಸ ನಿಲ್ಲಲಿಲ್ಲ. ಒಂದೇ ರೋಗ, ಅಳೆಯಬಹುದಾದ ಒಂದೇ ಗುರಿ, ಪರಸ್ಪರ ಮುಖ ಪರಿಚಯವಿರುವ ಕೆಲವೇ ಜಿಲ್ಲಾ ಅಧಿಕಾರಿಗಳು ಮತ್ತು ಸಂಶೋಧಕರು ಇದ್ದದ್ದರಿಂದಲೇ ಇದು ರಾಜಕೀಯದ ಏರಿಳಿತಗಳನ್ನು ದಾಟಿತೆಂದು ನನಗೆ ಅನಿಸುತ್ತದೆ. ಎಲ್ಲ ರೋಗಗಳನ್ನೂ ಸೇರಿಸಿ ಬರೆದ ದೊಡ್ಡ ಒಪ್ಪಂದವಾಗಿದ್ದರೆ ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಈಗ ಉಳಿದಿರುವ ಕೆಲಸದಲ್ಲಿ ಎರಡು ಕಡೆ ನನಗೆ ಭಯವಿದೆ. ಮೊದಲನೆಯದು ಲೆಕ್ಕದ ಅಳತೆ. 10,000ಕ್ಕೆ ಒಂದು ಎಂಬ ಮಿತಿಯನ್ನು ಭಾರತ ಜಿಲ್ಲೆಗಿಂತ ಚಿಕ್ಕದಾದ ಬ್ಲಾಕ್ ಮಟ್ಟದಲ್ಲಿ, ಬಾಂಗ್ಲಾದೇಶ ಉಪಜಿಲ್ಲೆಯ ಮಟ್ಟದಲ್ಲಿ, ನೇಪಾಳ ಜಿಲ್ಲೆಯ ಮಟ್ಟದಲ್ಲಿ ಅಳೆಯುತ್ತವೆ. ಐದಾರು ಲಕ್ಷ ಜನರಿರುವ ಜಿಲ್ಲೆಯ ಸರಾಸರಿಯಲ್ಲಿ ಒಂದು ಹಳ್ಳಿಯ ಹತ್ತು ರೋಗಿಗಳು ಕಾಣೆಯಾಗಿಬಿಡುತ್ತಾರೆ. ಆ ಹಳ್ಳಿ ಗಡಿಯಂಚಿನದಾದರೆ ಆಚೆಯ ಬ್ಲಾಕ್‌ನವರು ಮಾತ್ರ ಅದರ ಫಲ ಉಣ್ಣುತ್ತಾರೆ. ನೇಪಾಳದಲ್ಲಿ ರೋಗ ತರಾಯಿಯನ್ನು ಬಿಟ್ಟು ಬೆಟ್ಟದ ಜಿಲ್ಲೆಗಳಲ್ಲೂ ತಲೆಯೆತ್ತಿದೆ. ಎರಡೂ ಕಡೆ ಹಳ್ಳಿಯನ್ನೇ ಘಟಕವಾಗಿಸಿ, ಗಡಿಯ ಹತ್ತು ಹದಿನೈದು ಕಿಲೋಮೀಟರ್ ಪಟ್ಟಿಯನ್ನು ಒಂದೇ ಜಿಲ್ಲೆಯೆಂಬಂತೆ ನೋಡಬೇಕೆಂದು ನನ್ನ ವಾದ. ಆ ಪಟ್ಟಿಯಲ್ಲಿ ಸಿಂಪಡಣೆ ಒಂದೇ ವಾರದಲ್ಲಿ ನಡೆಯಲಿ. ನೋಂದಣಿ ಪುಸ್ತಕದಲ್ಲಿ ‘ಮನೆ ಎಲ್ಲಿ’ ಎಂಬುದರ ಜೊತೆಗೆ ‘ಕಳೆದ ಆರು ತಿಂಗಳು ಎಲ್ಲೆಲ್ಲಿ ಮಲಗಿದ್ದೆ’ ಎಂಬ ಅಂಕಣವಿರಲಿ. ರೋಗಿ ಗಡಿಯಾಚೆಯವನೆಂದು ತಿಳಿದ ದಿನವೇ ಆಚೆಯ ಜಿಲ್ಲೆಯ ಆರೋಗ್ಯಾಧಿಕಾರಿಗೆ ಫೋನು ಹೋಗಲಿ, ರಾಜಧಾನಿಗಳ ಮೂಲಕ ಸುತ್ತಿ ಬರುವ ಪತ್ರಕ್ಕೆ ಕಾಯುವುದು ಬೇಡ. ನಮ್ಮ ಹುಡುಗನ ಪ್ರಕರಣದಲ್ಲಿ ಕೊನೆಗೂ ಕೆಲಸ ಮಾಡಿದ್ದು ಅದೇ. ಚಿಕ್ಕಪ್ಪ ಬಂದ ದಿನ ನಮ್ಮ ಮೇಲ್ವಿಚಾರಕರು ಆಚೆಯ ಪರಿಚಯದ ಆರೋಗ್ಯ ಸಹಾಯಕರೊಬ್ಬರಿಗೆ ತಮ್ಮ ಸ್ವಂತ ಮೊಬೈಲಿನಿಂದ ಕರೆ ಮಾಡಿದರು, ವಾರದೊಳಗೆ ಆ ಕೊಟ್ಟಿಗೆಗೆ ಸಿಂಪಡಣೆಯಾಯಿತು, ಅದೇ ಓಣಿಯಲ್ಲಿ ಇನ್ನಿಬ್ಬರು ರೋಗಿಗಳು ಸಿಕ್ಕರು. ಅದು ಇಬ್ಬರ ಸ್ನೇಹದಿಂದಾದ ಕೆಲಸ, ಪದ್ಧತಿಯಿಂದ ಆಗಬೇಕಾದದ್ದು.

ಎರಡನೆಯ ಭಯ, ಬಿಹಾರದಲ್ಲಿ ‘ಚಮಡಿ ಕಾಲಾಜಾರ್’ ಎಂದು ಕರೆಯುವ ಚರ್ಮದ ರೂಪ. ಜ್ವರ ಗುಣವಾಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರ ಮುಖ, ತೋಳು, ಬೆನ್ನಿನ ಮೇಲೆ ಬಣ್ಣಗೆಟ್ಟ ಮಚ್ಚೆಗಳು ಏಳುತ್ತವೆ. ನೋವಿಲ್ಲ, ತುರಿಕೆಯಿಲ್ಲ, ದುಡಿಯಲು ಅಡ್ಡಿಯಿಲ್ಲ. ಆದ್ದರಿಂದ ಆಸ್ಪತ್ರೆಗೆ ಬರುವುದಿಲ್ಲ, ಬಂದರೂ 12 ವಾರಗಳ ಮಾತ್ರೆಯನ್ನು ಪೂರ್ತಿ ನುಂಗುವವರು ಕಡಿಮೆ. ಆ ಮಚ್ಚೆಗಳಲ್ಲಿ ರೋಗಾಣು ಜೀವಂತವಾಗಿರುತ್ತದೆ, ಕಚ್ಚಿದ ಮರಳುನೊಣ ಅದನ್ನು ಹೊತ್ತೊಯ್ಯಬಲ್ಲದು. ಅಂಥ ಒಬ್ಬ ವ್ಯಕ್ತಿ ಮದುವೆಗೋ ಕೂಲಿಗೋ ಗಡಿ ದಾಟಿ ಹೋದರೆ, ರೋಗವೇ ಇಲ್ಲವೆಂದು ಸಿಂಪಡಣೆ ನಿಲ್ಲಿಸಿದ ಹಳ್ಳಿಯಲ್ಲಿ ಎಲ್ಲವೂ ಹೊಸದಾಗಿ ಶುರುವಾಗಬಹುದು. 2023ರ ಕೊನೆಗೆ ಭಾರತದ ಎಲ್ಲ ಪೀಡಿತ ಬ್ಲಾಕ್‌ಗಳೂ ಮಿತಿಗಿಂತ ಕೆಳಗೆ ಬಂದವು, ಸತತ ಮೂರು ವರ್ಷ ಹಾಗೆಯೇ ಉಳಿದರೆ ಮಾತ್ರ ಮಾನ್ಯತೆ. ಈ ಅವಧಿಯಲ್ಲಿ ಮಚ್ಚೆ ಹುಡುಕುವವರು ಮನೆಮನೆಗೆ ಹೋಗುತ್ತಲೇ ಇರಬೇಕು.

ಪ್ರೌಢಶಾಲಾ ಶಿಕ್ಷಕ, ಸಾಗರ

ಒಂದು ಕೊನೆಯ ಸಂದೇಹ. ಆ ಮಚ್ಚೆಗಳನ್ನು ಕುಷ್ಠದ ಮಚ್ಚೆಯಿಂದ ಹಳ್ಳಿಯ ಕಾರ್ಯಕರ್ತೆ ಹೇಗೆ ಬೇರ್ಪಡಿಸುತ್ತಾಳೆ? ಹೆದರಿ ಮುಚ್ಚಿಟ್ಟುಕೊಳ್ಳುವವರೇ ಹೆಚ್ಚಿರಬೇಕಲ್ಲವೇ?

ಸಮುದಾಯ ವೈದ್ಯೆ, ಮೈಸೂರು

ಹೌದು, ಹೆಣ್ಣುಮಕ್ಕಳು ಸೆರಗಿನಲ್ಲಿ ಮುಚ್ಚಿಡುತ್ತಾರೆ. ಕಾರ್ಯಕರ್ತೆ ಮೊದಲು ಕೇಳುವುದು, ಹಿಂದೆ ಯಾವಾಗಲಾದರೂ ಕಾಲಾ ಅಜಾರ್‌ಗೆ ಚಿಕಿತ್ಸೆ ಪಡೆದಿದ್ದೆಯಾ ಎಂದು. ಆಮೇಲೆ ಹತ್ತಿಯ ಎಳೆಯನ್ನು ಮಚ್ಚೆಯ ಮೇಲೆ ಮೃದುವಾಗಿ ಆಡಿಸುತ್ತಾಳೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಇದರಲ್ಲಿ ತಿಳಿಯುತ್ತದೆ. ಎರಡರಲ್ಲಿ ಯಾವುದೇ ಆಗಿದ್ದರೂ ಆಸ್ಪತ್ರೆಗೆ ಕಳಿಸಲೇಬೇಕು, ಎರಡಕ್ಕೂ ಔಷಧ ಉಚಿತ. ಮುಂದಿನ ತಿಂಗಳು ಹಳೆಯ ಸಹೋದ್ಯೋಗಿಗಳನ್ನು ಕಾಣಲು ಅಲ್ಲಿಗೆ ಹೋಗುತ್ತಿದ್ದೇನೆ. ಆ ಹುಡುಗ ಈಗ ಮೀಸೆ ಚಿಗುರಿದ ತರುಣನಾಗಿರಬೇಕು. ಅವನ ಮುಖ, ತೋಳು, ಬೆನ್ನನ್ನು ಹಗಲಿನ ಬೆಳಕಿನಲ್ಲಿ ಒಮ್ಮೆ ನೋಡಿ ಬರಬೇಕೆಂದಿದ್ದೇನೆ.